ಮೂರಕ್ಷರದ ಮುಯ್ಯಿ

ಹತ್ತನೇ ಕ್ಲಾಸಿನಲ್ಲಿ ನಾನು ಫೇಲಾದದ್ದು ಒಂದೇ ವಿಷಯದಲ್ಲಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಆ ವರ್ಷ ಇಡೀ ಶಾಲೆಗೆ ನಾನೇ ಮುಂದೆ. ಅದನ್ನು ಈಗ ಯಾರಿಗೆ ಹೇಳಿ ಏನು ಪ್ರಯೋಜನ? ಉಳಿದ ಐದು ವಿಷಯ ಪಾಸಾದವಳು ಅಂತ ಅಂಕಪಟ್ಟಿಯ ಕೊನೆಯಲ್ಲಿ ಯಾರೂ ಬರೆಯುವುದಿಲ್ಲ. ಫೇಲ್ ಅಂತಲೇ ಬರೆಯುತ್ತಾರೆ.

ಅರಕಲಗೂಡಿನ ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಪಾಠ ಓದುತ್ತಾ ನಡುವೆ ನಿಲ್ಲಿಸಿ, ಯಾವುದೋ ಒಂದು ಪದ ಹಿಡಿದು, ‘ಮೀನಿಂಗ್?’ ಎಂದು ಬೆರಳು ತೋರಿಸುತ್ತಿದ್ದರು. ಬೆರಳು ಕೊನೆಯ ಬೆಂಚಿಗೆ ಬಂದಾಗ ನಾನು ಎದ್ದು ನಿಲ್ಲುತ್ತಿದ್ದೆ. ಬಾಯಿ ಬಿಡುತ್ತಿರಲಿಲ್ಲ. ಗೊತ್ತಿದ್ದರಲ್ಲವೇ ಬಿಡುವುದು? ಮೂರು ವರ್ಷ ಆ ಶಾಲೆಯಲ್ಲಿ ಕೂತು ಒಂದೇ ಒಂದು ಪದದ ಅರ್ಥವನ್ನೂ ಗಟ್ಟಿಯಾಗಿ ಹೇಳಿದವಳಲ್ಲ ನಾನು. ಕಡೆಕಡೆಗೆ ಮೇಷ್ಟ್ರು ನನ್ನ ಕಡೆ ಬೆರಳು ತೋರಿಸುವುದನ್ನೇ ಬಿಟ್ಟರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಆಮೇಲೆ ಮದುವೆ, ಎರಡು ಮಕ್ಕಳು, ಕೂಲಿ. ಗಂಡ ಹಾಸನದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ. ಊರಿನಲ್ಲಿ ನಮಗೆ ಅರ್ಧ ಎಕರೆ ಹೊಲ ಇದೆ, ರಾಗಿ ಹಾಕುತ್ತೇವೆ. ಮನೆಯ ಗೋಡೆ ಮೇಲೆ ಬುದ್ಧನ ಒಂದು ಪಟ, ಅದರ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ನನ್ನ ಫೇಲಾದ ಅಂಕಪಟ್ಟಿ. ಹೀಗೇ ಹದಿನೆಂಟು ವರ್ಷ ಕಳೆಯಿತು.

ಊರಿನ ಅಂಗನವಾಡಿಯಲ್ಲಿ ಸಹಾಯಕಿ ಕೆಲಸ ಹಿಂದೊಮ್ಮೆ ಖಾಲಿಯಾದಾಗ ನಾನೂ ಅರ್ಜಿ ತೆಗೆದುಕೊಂಡು ಹೋಗಿದ್ದೆ. ಮೇಜಿನ ಹಿಂದೆ ಕೂತಿದ್ದವರು ನನ್ನ ಅಂಕಪಟ್ಟಿಯನ್ನು ಎರಡೇ ಬೆರಳಿನಲ್ಲಿ ಎತ್ತಿ, ‘ಫೇಲಾ?’ ಅಂದು, ಆ ಕಡೆ ಸರಿಸಿಟ್ಟರು. ಬಸ್ಸಿನಲ್ಲಿ ಬರುವಾಗ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಆ ಕೆಲಸ ಸಿಕ್ಕವರು ಇನ್ನೊಂದು ವರ್ಷಕ್ಕೆ ಬಿಟ್ಟುಹೋಗುತ್ತಾರೆ ಎಂಬ ಸುದ್ದಿ ಬಂದಾಗ ನನಗೆ ಮೂವತ್ತನಾಲ್ಕು ತುಂಬುತ್ತಿತ್ತು. ಮೂವತ್ತೈದು ದಾಟಿದರೆ ಅರ್ಜಿಯನ್ನೇ ಮುಟ್ಟುವುದಿಲ್ಲ. ಅಂದರೆ ನನಗೆ ಉಳಿದಿದ್ದು ಒಂದು ಪರೀಕ್ಷೆ, ಒಂದು ವಿಷಯ, ಒಂದೇ ಸಲ. ಅಷ್ಟರಲ್ಲಿ ಪಾಸಾಗಲೇಬೇಕು ಅಂತ ಕೂತೆ.

‘ಇಂಗ್ಲಿಷ್ ಕಲ್ತು ನನ್ ಬೈಯಕ್ಕಾ?’ ಅಂದ ಗಂಡ.

‘ನಿನ್ ಬೈಯಕ್ಕೆ ಕನ್ನಡ ಸಾಕು ಕಣಪ್ಪ,’ ಅಂದೆ.

ಅವನೇ ಹಾಸನದಿಂದ ಒಂದು ಹಳೇ ಗೈಡು ತಂದುಕೊಟ್ಟ. ತೆರೆದರೆ ಒಂದೊಂದು ಪದವೂ ಗೇಣುದ್ದ. ಮೊದಲಕ್ಷರ ಓದಿ ಕೊನೆಯಕ್ಷರಕ್ಕೆ ಬರುವಷ್ಟರಲ್ಲಿ ಮೊದಲಿನದು ಮರೆತುಹೋಗುತ್ತಿತ್ತು. ಆದರೂ ಆ ಗೈಡನ್ನು ಬುತ್ತಿಯ ಚೀಲದಲ್ಲಿಟ್ಟುಕೊಂಡೇ ಕೂಲಿಗೆ ಹೋಗುತ್ತಿದ್ದೆ. ಬಿಡುವು ಸಿಕ್ಕರೆ ನೋಡೋಣ ಅಂತ.

ನಮ್ಮ ಕಡೆ ಮುಂಗಾರಿಗೆ ಮುಂಚೆ ಬಿತ್ತನೆ ಆಲೂಗೆಡ್ಡೆ ಹಾಸನದ ಮಾರ್ಕೆಟ್ಟಿಗೆ ಲೋಡುಗಟ್ಟಲೆ ಬರುತ್ತದೆ. ಗೆಡ್ಡೆಯನ್ನು ಇಡಿಯಾಗಿ ನೆಡುವುದಿಲ್ಲ, ಕುಯ್ದು ನೆಡುತ್ತಾರೆ. ಕುಯ್ಯುವುದು ಹೆಂಗಸರ ಕೆಲಸ. ಒಂದು ಗೆಡ್ಡೆಯನ್ನು ಮೂರೋ ನಾಲ್ಕೋ ತುಂಡು ಮಾಡಬಹುದು, ಆದರೆ ಒಂದೊಂದು ತುಂಡಿನಲ್ಲೂ ಕಡೇ ಪಕ್ಷ ಒಂದು ಕಣ್ಣು ಉಳಿಯಬೇಕು. ಮೊಳಕೆ ಬರುವುದು ಆ ಕಣ್ಣಿನಿಂದ. ಕಣ್ಣಿಲ್ಲದ ತುಂಡು ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ನಮ್ಮೂರಿನಲ್ಲಿ ಹೆಚ್ಚು ಆಲೂಗೆಡ್ಡೆ ಹಾಕುವುದು ದೊಡ್ಡಮನೆಯವರು. ಅವರ ಹಿತ್ತಿಲಿನ ಶೆಡ್ಡಿನಲ್ಲಿ ನಮ್ಮ ಕೇರಿಯ ಏಳೆಂಟು ಹೆಂಗಸರು ಸಾಲಾಗಿ ಚಾಕು ಹಿಡಿದು ಕೂರುತ್ತೇವೆ.

ಆ ವರ್ಷ ನಮ್ಮನ್ನು ನೋಡಿಕೊಳ್ಳುವುದಕ್ಕೆ ಆ ಮನೆಯ ಸೊಸೆಯನ್ನು ಕೂರಿಸಿದ್ದರು. ಚನ್ನರಾಯಪಟ್ಟಣದ ಹುಡುಗಿ, ಬಿ.ಎ. ಓದಿದವಳು, ಮದುವೆಯಾಗಿ ಎರಡು ವರ್ಷ. ಅತ್ತೆಯನ್ನು ನಾವೆಲ್ಲ ದೊಡ್ಡವ್ವ ಅನ್ನುತ್ತೇವೆ. ಆಯಮ್ಮ ಶೆಡ್ಡಿಗೆ ಬಂದಾಗಲೆಲ್ಲ ಸೊಸೆಗೆ ಒಂದು ಮಾತು ಬಿಡದೆ ಹೋಗುತ್ತಿರಲಿಲ್ಲ.

‘ಡಿಗ್ರಿ ಮಾಡವ್ಳೆ, ಗೆಡ್ಡೆ ಕುಯ್ಯಕ್ ಬರಾಕಿಲ್ಲ.’

ಸುಳ್ಳೇನೂ ಅಲ್ಲ. ಆ ಹುಡುಗಿ ಚಾಕು ಹಿಡಿದರೆ ಸಾಗುವಿಗೆ ಹೆಚ್ಚಿದ ಹಾಗೆ ಎಲ್ಲವೂ ಒಂದೇ ಅಳತೆಯ ತುಂಡು. ನೋಡುವುದಕ್ಕೆ ಚೆಂದ. ಅರ್ಧಕ್ಕೆ ಅರ್ಧ ತುಂಡಿನಲ್ಲಿ ಕಣ್ಣೇ ಇಲ್ಲ. ಅತ್ತೆ ಅಂಥದ್ದೊಂದನ್ನು ಎತ್ತಿ ಎಲ್ಲರಿಗೂ ತೋರಿಸಿ ಎಸೆದು ಹೋದ ದಿನ ಆ ಹುಡುಗಿ ಮುಖ ತಗ್ಗಿಸಿ ಕೂತಿದ್ದಳು. ನನಗೆ ಅಯ್ಯೋ ಅನ್ನಿಸಿತು. ಹಾಗಂತ ದೊಡ್ಡಮನೆಯವರಿಗೆ ಅಯ್ಯೋ ಅನ್ನುವಷ್ಟು ಧಾರಾಳ ನನ್ನದಲ್ಲ. ಸುಮ್ಮನೆ ಕುಯ್ಯುತ್ತಿದ್ದೆ.

ಊಟದ ಹೊತ್ತಿಗೆ ಅವಳು ನನ್ನ ಚೀಲದಿಂದ ಇಣುಕುತ್ತಿದ್ದ ಗೈಡು ನೋಡಿದಳು.

‘ಇದ್ಯಾರ್ದು?’

‘ನಂದೇ.’

‘ಓದ್ತೀಯಾ?’

‘ಓದಕ್ ಬಂದಿದ್ರೆ ಪಾಸಾಗಿರ್ತಿದ್ದೆ.’

ಅವಳು ನಕ್ಕಳು. ಆಮೇಲೆ ನಿಧಾನಕ್ಕೆ, ‘ನಾನು ಹೇಳ್ಕೊಡ್ಲಾ?’ ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ. ಆ ಮನೆಯಿಂದ ಹಳೇ ಸೀರೆ, ಮಿಕ್ಕಿದ ಸಾರು ಇಸಿದುಕೊಂಡ ಅತ್ತೆಯರನ್ನು, ನಾದಿನಿಯರನ್ನು ನೋಡಿದ್ದೇನೆ. ಇನ್ನು ವಿದ್ಯೆಯನ್ನೂ ಹಾಗೆ ಇಸಿದುಕೊಳ್ಳಬೇಕೆ?

‘ಬಿಟ್ಟಿ ಬ್ಯಾಡಿ ಅಮ್ಮಾರೇ,’ ಅಂದೆ. ‘ಮುಯ್ಯಾಳಾದ್ರೆ ಸರಿ.’

ಶೆಡ್ಡಿನಲ್ಲಿ ಎಲ್ಲರ ಚಾಕು ನಿಂತಿತು. ಮುಯ್ಯಾಳು ಅಂದರೆ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿ ಇಲ್ಲ, ಉಪಕಾರವೂ ಇಲ್ಲ, ದುಡಿತಕ್ಕೆ ದುಡಿತ. ಸಮಸಮದವರು ಮಾಡಿಕೊಳ್ಳುವ ಏರ್ಪಾಡು ಅದು. ನಮ್ಮ ಕೇರಿಗೂ ಅವರ ಬೀದಿಗೂ ನಡುವೆ ಕೂಲಿ ಉಂಟು, ಮುಯ್ಯಾಳು ಎಂದೂ ಇಲ್ಲ. ಬಾಯಿಂದ ಬಿದ್ದ ಮೇಲೆ ನನಗೇ ಗೊತ್ತಾಯಿತು, ಅಧಿಕಪ್ರಸಂಗ ಆಯಿತು ಅಂತ. ಆದರೆ ಆಡಿದ್ದನ್ನು ವಾಪಸ್ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ.

ಆ ಹುಡುಗಿ ಮೂಟೆಯಿಂದ ಒಂದು ಗೆಡ್ಡೆ ತೆಗೆದು ನನ್ನ ಮುಂದೆ ಹಿಡಿದಳು.

‘ಹಾಗಾದ್ರೆ ಇದನ್ನ ಎಲ್ಲಿ ಕುಯ್ಬೇಕು ತೋರ್ಸು.’

ಒಂದೇ ಒಂದು ಷರತ್ತು ಹಾಕಿದಳು. ಅವಳು ಹೇಳಿಕೊಡುತ್ತಾಳೆ ಅನ್ನುವುದು ಅತ್ತೆಗೆ ಗೊತ್ತಾಗಬಾರದು. ಓದಿದ್ದೆಲ್ಲ ತವರಿಗೆ ಬಿಟ್ಟು ಬಾ, ಇಲ್ಲಿ ಮನೆ ನೋಡಿಕೋ ಅಂತ ಮದುವೆಯಾದ ಮೊದಲ ವಾರವೇ ಹೇಳಿದ್ದರಂತೆ. ನಾವು ಎಂಟೂ ಜನ ಆಗಲಿ ಅಂದೆವು.

ನಾನು ಹೇಳಿಕೊಟ್ಟಿದ್ದು ಅವಳಿಗೆ ಅರ್ಧ ಗಂಟೆಯಲ್ಲಿ ಹತ್ತಿತು. ಗೆಡ್ಡೆಯನ್ನು ಮೊದಲು ಕೈಯಲ್ಲಿ ಒಂದು ಸುತ್ತು ತಿರುಗಿಸು, ಕಣ್ಣು ಎಲ್ಲೆಲ್ಲಿವೆ ನೋಡು, ಆಮೇಲೆ ಚಾಕು ಇಡು. ಅಳತೆ ನೋಡಬೇಡ, ಕಣ್ಣು ನೋಡು. ಅವಳು ಹೇಳಿಕೊಟ್ಟಿದ್ದು ಮಾತ್ರ ನನಗೆ ಎರಡು ದಿನವಾದರೂ ಹತ್ತಲಿಲ್ಲ. ಗೈಡಿನ ಮೊದಲ ಪಾಠದಿಂದ ಶುರು ಮಾಡಿದ್ದಳು, ಅದೇ ಗೇಣುದ್ದದ ಪದಗಳು. ಮೂರನೇ ದಿನ ನನಗೆ ಸಿಟ್ಟು ಬಂದು, ‘ಇದು ನನ್ ತಲೇಗ್ ಓಗಾಕಿಲ್ಲ, ಬುಡಿ’ ಅಂದುಬಿಟ್ಟೆ.

ಅವಳು ಕೈಯಲ್ಲಿದ್ದ ತುಂಡನ್ನು ತಿರುಗಿಸುತ್ತಾ ಕೂತಿದ್ದಳು. ಇದ್ದಕ್ಕಿದ್ದ ಹಾಗೆ ಎದ್ದು, ಒಲೆಯ ಇದ್ದಿಲು ತಂದು, ಖಾಲಿ ಗೋಣಿಚೀಲದ ಮೇಲೆ ಬಿ ಬರೆದಳು, ಸ್ವಲ್ಪ ಜಾಗ ಬಿಟ್ಟು ಟಿ ಬರೆದಳು.

‘ಇಂಗ್ಲಿಷಲ್ಲೂ ಕಣ್ಣಿವೆ,’ ಅಂದಳು. ‘ಐದು. ಎ, ಇ, ಐ, ಓ, ಯು. ಕಣ್ಣಿಲ್ದೆ ಪದ ಮೊಳೆಯಲ್ಲ. ಈ ಬಿ ಮತ್ತೆ ಟಿ ನಡುವೆ ಒಂದೊಂದೇ ಕಣ್ಣು ಇಟ್ಟು ನೋಡು.’

ಎ ಇಟ್ಟರೆ ಬ್ಯಾಟ್, ಬಾವಲಿ. ಇ ಇಟ್ಟರೆ ಬೆಟ್, ಪಂಥ. ಐ ಇಟ್ಟರೆ ಬಿಟ್, ಚೂರು. ಯು ಇಟ್ಟರೆ ಬಟ್, ಆದರೆ. ಓ ಇಟ್ಟರೆ ಏನೂ ಇಲ್ಲ. ‘ಅದು ಕೊಳ್ತೋಯ್ತು’ ಅಂದಳು ಪಕ್ಕದಲ್ಲಿದ್ದ ನನ್ನ ಓರಗಿತ್ತಿ. ಎಲ್ಲರೂ ನಕ್ಕೆವು. ಆಮೇಲೆ ಪಿ ಮತ್ತು ಟಿ. ಪ್ಯಾಟ್ ಅಂದರೆ ತಟ್ಟು, ಪೆಟ್ ಅಂದರೆ ಸಾಕಿದ ಪ್ರಾಣಿ, ಪಿಟ್ ಅಂದರೆ ಗುಂಡಿ, ಪಾಟ್ ಅಂದರೆ ಮಡಕೆ, ಪುಟ್ ಅಂದರೆ ಇಡು. ಐದಕ್ಕೆ ಐದೂ ಮೊಳೆತವು! ಇಂಗ್ಲಿಷ್ ಬೇಕಾಗಿದ್ದು ನನ್ನೊಬ್ಬಳಿಗೆ, ಖುಷಿಯಾಗಿದ್ದು ಎಂಟು ಜನಕ್ಕೂ. ಆವತ್ತು ಸಂಜೆ ಮನೆಗೆ ನಡೆಯುವಾಗ ನನ್ನ ತಲೆಯಲ್ಲಿ ಒಂಬತ್ತು ಇಂಗ್ಲಿಷ್ ಪದ ಅರ್ಥದ ಸಮೇತ ನಿಂತಿದ್ದವು. ಹದಿನೆಂಟು ವರ್ಷದ ಹಿಂದೆ ಮೂರು ವರ್ಷದಲ್ಲಿ ಆಗದ್ದು ಒಂದು ಮಧ್ಯಾಹ್ನದಲ್ಲಿ ಆಗಿತ್ತು.

ಆಮೇಲೆ ಅದೇ ನಮ್ಮ ಪದ್ಧತಿಯಾಯಿತು. ಕೈ ಚಾಕುವಿನ ಮೇಲೆ, ಕಣ್ಣು ಗೆಡ್ಡೆಯ ಮೇಲೆ. ಅವಳು ತಗ್ಗಿದ ದನಿಯಲ್ಲಿ ಒಂದು ಪದ ಬಿಡುತ್ತಾಳೆ. ಗೊತ್ತಿದ್ದವರು ಅರ್ಥವನ್ನು ಗಟ್ಟಿಯಾಗಿ ಕೂಗಬೇಕು. ಯೋಚನೆ ಮಾಡುತ್ತಾ ಕೂರುವ ಹಾಗಿಲ್ಲ, ಚಾಕು ನಿಲ್ಲುವ ಹಾಗಿಲ್ಲ. ಹಾಟ್ ಅಂದರೆ ಬಿಸಿ! ಹಟ್ ಅಂದರೆ ಗುಡಿಸಲು! ಬಿಗ್ ಅಂದರೆ ದೊಡ್ಡದು! ಬೆಗ್ ಅಂದರೆ ಬೇಡು! ದೊಡ್ಡವ್ವ ಬಂದು ಏನಿದು ಗದ್ದಲ ಅಂದರೆ, ನಾನು ಗೈಡು ಎತ್ತಿ ತೋರಿಸಿ, ‘ಉರು ಒಡೀತಿದೀನಿ ದೊಡ್ಡವ್ವ, ಪರೀಕ್ಷೆಗೆ’ ಅನ್ನುತ್ತಿದ್ದೆ. ‘ಮಾಡಕ್ ಕ್ಯಾಮೆ ಇಲ್ಲ’ ಅಂತ ಗೊಣಗಿಕೊಂಡು ಆಯಮ್ಮ ಹೋಗುತ್ತಿದ್ದರು. ಕೈ ನಿಂತಿಲ್ಲವಲ್ಲ, ಅಷ್ಟು ಸಾಕಾಗಿತ್ತು ಅವರಿಗೆ.

ಗೆಡ್ಡೆ ಕುಯ್ಯುವುದು ಮುಗಿದ ಮೇಲೆ ಬಿತ್ತನೆ, ಆಮೇಲೆ ಕಳೆ, ಆಮೇಲೆ ಬುಡಕ್ಕೆ ಮಣ್ಣು ಏರಿಸುವುದು. ಅವರ ಹೊಲದಲ್ಲಿ ಕೆಲಸವಿದ್ದಾಗೆಲ್ಲ ಅವಳು ನಮಗೆ ಟೀ ತರುವ ನೆಪದಲ್ಲಿ ಬರುತ್ತಿದ್ದಳು. ಒಂದು ಸಾಲು ಕಳೆ ಕೀಳುವಷ್ಟರಲ್ಲಿ ಒಂದು ಸಾಲು ಪದ. ಕೊನೆಯಲ್ಲಿ ಓ, ಬಿ ಇರುವವು ಒಂದು ದಿನ. ಜಾಬ್ ಅಂದರೆ ಕೆಲಸ, ಮಾಬ್ ಅಂದರೆ ಗುಂಪು, ರಾಬ್ ಅಂದರೆ ದೋಚು, ಸಾಬ್ ಅಂದರೆ ಬಿಕ್ಕಿ ಅಳು. ಎಕ್ಸ್ ಇರುವವು ಇನ್ನೊಂದು ದಿನ. ಬಾಕ್ಸ್, ಫಾಕ್ಸ್, ಮಿಕ್ಸ್, ಫಿಕ್ಸ್. ಡ್ರೈ, ಸ್ಕೈ, ಕ್ರೈ ಬಂದಾಗ ನಾನು ಜಗಳ ತೆಗೆದೆ. ಇವುಗಳಲ್ಲಿ ಆ ಐದು ಕಣ್ಣಲ್ಲಿ ಒಂದೂ ಇಲ್ಲ, ಹೇಗೆ ಮೊಳೆತವು? ವೈ ಅನ್ನೋದು ಕೆಲವು ಸಲ ಕಣ್ಣಿನ ಕೆಲಸ ಮಾಡುತ್ತೆ ಅಂದಳು. ಮೊದಲೇ ಹೇಳಬಾರದಾಗಿತ್ತೇ? ನಾನು ಎರಡು ದಿನ ಅವಳ ಮೇಲೆ ಮುನಿಸಿಕೊಂಡಿದ್ದೆ. ಮೋಸ ಅನ್ನಿಸಿತ್ತು.

ಮೊಳಕೆ ಬಂದಾಗ ದೊಡ್ಡವ್ವ ಸಾಲು ಸಾಲೇ ನೋಡಿಕೊಂಡು ಬಂದರು. ಸೊಸೆ ಕುಯ್ದ ತುಂಡುಗಳನ್ನು ಬೇರೆಯಾಗಿಯೇ ಒಂದು ಮೂಲೆಯಲ್ಲಿ ನೆಡಿಸಿದ್ದರು, ಎಷ್ಟು ಹಾಳಾಗುತ್ತದೆ ನೋಡೋಣ ಅಂತ. ಒಂದು ಗುಣಿಯೂ ಖಾಲಿ ಇರಲಿಲ್ಲ. ‘ಪರ್ವಾಗಿಲ್ಲ’ ಅಂದರು. ಯಾರು ಕಲಿಸಿದರು ಅಂತ ಕೇಳಲಿಲ್ಲ. ಸೊಸೆಯೂ ಹೇಳಲಿಲ್ಲ. ಆವತ್ತು ಅವಳು ತಂದ ಟೀಗೆ ಸಕ್ಕರೆ ಜಾಸ್ತಿ ಬಿದ್ದಿತ್ತು.

ರಾಗಿ ಕಟಾವಿನ ಹೊತ್ತಿಗೆ ನನ್ನ ಹತ್ತಿರ ಮುನ್ನೂರಕ್ಕೂ ಮೇಲೆ ಪದ ಆಗಿದ್ದವು. ಹೆಚ್ಚಿನವು ಮೂರಕ್ಷರದವು, ಕೆಲವು ನಾಲ್ಕರವು. ಇನ್ನು ಪದ ಸಾಕು, ಪದ ಜೋಡಿಸುವುದನ್ನು ಕಲಿ ಅಂದಳು. ಸಣ್ಣ ಪದದಲ್ಲೇ ಬರಿ, ದೊಡ್ಡದಕ್ಕೆ ಕೈ ಹಾಕಬೇಡ ಅಂದಳು. ದಿನಕ್ಕೆ ಐದು ವಾಕ್ಯ ಬರೆದು, ಚೀಟಿ ಮಡಚಿ, ಅವರ ಹಾಲಿನ ಕ್ಯಾನಿನ ಪಕ್ಕ ಇಟ್ಟು ಬರುತ್ತಿದ್ದೆ. ಮಾರನೇ ದಿನ ಕೆಂಪು ಪೆನ್ನಿನಲ್ಲಿ ತಿದ್ದಿ ಅಲ್ಲೇ ಇಟ್ಟಿರುತ್ತಿದ್ದಳು. ಮೊದಮೊದಲು ಚೀಟಿ ತುಂಬ ಕೆಂಪೇ ಕೆಂಪು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಐದಕ್ಕೆ ಐದೂ ಸರಿ ಬಂತು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಪರೀಕ್ಷೆಗೆ ಹೊಳೆನರಸೀಪುರದ ಒಂದು ಶಾಲೆ ಬಿದ್ದಿತ್ತು. ಮೊದಲ ಬಸ್ಸಿಗೇ ಹೋದೆ. ಹಾಲ್ ಟಿಕೆಟ್ ನೋಡಿದ ಪೊಲೀಸಮ್ಮ, ‘ಮಗಳದಾ?’ ಅಂದರು. ‘ನಂದು’ ಅಂದೆ. ಕೋಣೆಯಲ್ಲಿ ನಾವು ಖಾಸಗಿಯಾಗಿ ಕಟ್ಟಿದವರು ಹದಿನೈದಿಪ್ಪತ್ತು ಜನ. ಹೆಚ್ಚಿನವರು ಮೀಸೆ ಚಿಗುರಿದ ಹುಡುಗರು. ನನ್ನ ಹಿಂದಿನ ಬೆಂಚಿನಲ್ಲಿ ಮಾತ್ರ ನನ್ನ ವಯಸ್ಸಿನ ಒಬ್ಬ ಗಂಡಸು. ಹಿರೀಸಾವೆಯಲ್ಲಿ ರಸ್ತೆ ಬದಿಯ ಹೋಟೆಲಿನಲ್ಲಿ ದೋಸೆ ಹಾಕುವ ಕೆಲಸವಂತೆ, ಬೆಲ್ ಹೊಡೆಯುವುದಕ್ಕೆ ಮುಂಚೆ ಹೇಳಿಕೊಂಡ. ಗೋಡೆಯ ಮೇಲೆ ಒಂದು ಕ್ಯಾಮೆರಾ ಇತ್ತು. ಕುರ್ಚಿಯಲ್ಲಿದ್ದ ಮೇಲ್ವಿಚಾರಕರು ನಮ್ಮನ್ನು ನೋಡುವುದಕ್ಕಿಂತ ಹೆಚ್ಚಾಗಿ ಅದನ್ನೇ ನೋಡುತ್ತಿದ್ದರು.

ಪತ್ರಿಕೆ ಕೈಗೆ ಬಂತು. ಗೇಣುದ್ದದ ಪದಗಳು ಇದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಅವುಗಳ ನಡುನಡುವೆ ನನ್ನವೂ ಇದ್ದವು. ಗುರುತಿನವರ ಮುಖ ಕಂಡ ಹಾಗೆ ಅವನ್ನು ಹಿಡಿದುಕೊಂಡು ಹೋದೆ. ಸುತ್ತಲಿನ ನಾಲ್ಕು ಸಣ್ಣ ಪದ ಗೊತ್ತಿದ್ದರೆ ನಡುವಿನ ಒಂದು ದೊಡ್ಡ ಪದ ಏನಿರಬಹುದು ಅಂತ ಊಹೆ ಮಾಡಬಹುದು. ಒಂದು ಗಂಟೆ ಹೀಗೆ ಬರೆದೆ. ಕೈ ಓಡುತ್ತಿತ್ತು. ಭಯ ಹೋಗಿ, ತಲೆ ಕೆಲಸದಲ್ಲಿ ಮುಳುಗಿತ್ತು. ಥೇಟ್ ಶೆಡ್ಡಿನಲ್ಲಿ ಕೂತ ಹಾಗೆ.

ಆಗ ಹಿಂದಿನಿಂದ ತಗ್ಗಿದ ದನಿಯಲ್ಲಿ ಒಂದು ಪದ ಬಂತು. ‘ಸಾಬ್... ಸಾಬ್...’

‘ಬಿಕ್ಕಿ ಅಳೋದು!’ ಅಂತ ಕೂಗಿದೆ.

ಕೂಗಿದ ಮೇಲೆ ತಲೆ ಎತ್ತಿದೆ. ಇಡೀ ಕೋಣೆ ನನ್ನನ್ನೇ ನೋಡುತ್ತಿತ್ತು. ಮೇಲ್ವಿಚಾರಕರು ಒಂದೇ ನೆಗೆತಕ್ಕೆ ಬಂದು ನನ್ನ ಉತ್ತರ ಪತ್ರಿಕೆ ಕಿತ್ತುಕೊಂಡರು.

‘ಏನಮ್ಮ, ಮಕ್ಕಳ ತಾಯಿ ಥರ ಇದೀರ, ಗೊತ್ತಾಗಲ್ವಾ? ಉತ್ತರ ಹೇಳ್ಕೊಡ್ತೀರಾ? ಅಲ್ನೋಡಿ, ಕ್ಯಾಮೆರಾ! ನಿಮ್ಮ ಜೊತೆ ನನ್ನ ಕೆಲಸಾನೂ ಹೋಗುತ್ತೆ. ಡಿಬಾರ್ ಮಾಡಿಸ್ತೀನಿ.’

ಡಿಬಾರ್ ಅಂದರೆ ಈ ಸಲವೂ ಇಲ್ಲ, ಮುಂದಿನ ಸಲವೂ ಇಲ್ಲ. ಮುಂದಿನ ಸಲ ಅನ್ನುವುದು ನನಗೆ ಮೊದಲೇ ಇರಲಿಲ್ಲ.

‘ಯಾಕ್ ಹೇಳಿದ್ರಿ?’ ಅಂದರು.

‘ಗೊತ್ತಿತ್ತು ಸಾ. ಅದ್ಕೇ ಹೇಳ್ಬುಟ್ಟೆ.’

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ. ಆ ಮಾತು ಬಾಯಿಂದ ಬಿದ್ದ ಕ್ಷಣದಲ್ಲೇ ನನಗೆ ಹೊಳೆದಿತ್ತು. ಶಾಲೆಯ ಕೋಣೆಯೊಂದರಲ್ಲಿ ಒಂದು ಇಂಗ್ಲಿಷ್ ಪದದ ಅರ್ಥವನ್ನು ನಾನು ಗಟ್ಟಿಯಾಗಿ ಹೇಳಿದ್ದು ನನ್ನ ಜೀವಮಾನದಲ್ಲೇ ಅದು ಮೊದಲು. ಅದೂ ಸರಿಯಾಗಿ ಹೇಳಿದ್ದೆ. ಅದಕ್ಕೇ ನನ್ನನ್ನು ಆಚೆ ಹಾಕುವುದರಲ್ಲಿದ್ದರು.

ಅವರು ಮುಖ್ಯ ಅಧೀಕ್ಷಕರಿಗೆ ಹೇಳಿ ಕಳಿಸಿ, ನನ್ನ ಪತ್ರಿಕೆಯನ್ನು ಮೇಜಿನ ಮೇಲೆ ಕವುಚಿಟ್ಟು, ಕಾವಲು ಕಾಯುವವರ ಹಾಗೆ ನಿಂತರು. ಪ್ರಶ್ನೆಪತ್ರಿಕೆ ಮಾತ್ರ ನನ್ನ ಬೆಂಚಿನ ಮೇಲೇ ಉಳಿದಿತ್ತು. ಅಳಬಹುದಾಗಿತ್ತು. ಅಳಲಿಲ್ಲ. ಅತ್ತರೆ ಕಣ್ಣು ಮಂಜಾಗುತ್ತದೆ, ಪ್ರಶ್ನೆ ಕಾಣುವುದಿಲ್ಲ. ಪತ್ರಿಕೆ ಕಿತ್ತುಕೊಂಡರೆ ತಲೆಯನ್ನೂ ಕಿತ್ತುಕೊಂಡ ಹಾಗಾಯಿತೇ? ಬರೆಯುವುದಕ್ಕೆ ಉಳಿದಿದ್ದು ಒಂದು ಪತ್ರ. ನಿಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಪಂಚಾಯಿತಿಗೆ ಬರೆಯಿರಿ ಅಂತ. ಆ ಪತ್ರವನ್ನು ಮನಸ್ಸಿನಲ್ಲೇ ಒಂದೊಂದು ಪದವಾಗಿ ಕಟ್ಟುತ್ತಾ ಕೂತೆ. ಕೊಟ್ಟರೆ ಬರೆದುಬಿಡಬೇಕು, ಯೋಚನೆಗೆ ಒಂದು ನಿಮಿಷವೂ ಖರ್ಚಾಗಬಾರದು ಅಂತ. ಕೊಡುತ್ತಾರೋ ಇಲ್ಲವೋ ಎನ್ನುವುದನ್ನು ಯೋಚಿಸಲಿಲ್ಲ. ಯೋಚಿಸಿದ್ದರೆ ಅಲ್ಲೇ ಕುಸಿಯುತ್ತಿದ್ದೆ.

ಇಪ್ಪತ್ತು ನಿಮಿಷದ ಮೇಲೆ ಮುಖ್ಯ ಅಧೀಕ್ಷಕರು ಬಂದರು. ಕನ್ನಡಕದ ಹಿರಿಯ ಮೇಡಮ್ಮು. ಅವರು ಬಾಯಿ ತೆರೆಯುವುದಕ್ಕೆ ಮುಂಚೆಯೇ ಹಿಂದಿನ ಬೆಂಚಿನವನು ಎದ್ದು ನಿಂತ.

‘ತಪ್ಪು ನಂದು ಮೇಡಂ. ಓದೋವಾಗ ನಂಗೆ ತುಟಿ ಆಡುಸ್ದೆ ಓದಕ್ ಬರಲ್ಲ. ಈಯಮ್ಮನ್ನ ನಾನು ಕೇಳಿಲ್ಲ, ಆಣೆ.’

ಮೇಡಮ್ಮು ನನ್ನ ಕಡೆ ತಿರುಗಿದರು. ನಾನು ಇದ್ದಿದ್ದು ಇದ್ದ ಹಾಗೆ ಹೇಳಿದೆ. ‘ಗೆಡ್ಡೆ ಕುಯ್ಯೋವಾಗ ಇಂಗೇ ಕಲ್ತಿದ್ದು ಮೇಡಂ. ಯಾರಾರ ಪದ ಬುಟ್ರೆ ಗೊತ್ತಿದ್ದೋರು ಕೂಗ್ಬೇಕು. ಒಂದ್ ವರ್ಸದ ಅಭ್ಯಾಸ, ಬಾಯಿ ತಡೀನಿಲ್ಲ.’ ಅವರು ಇಬ್ಬರ ಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಸಾಬ್ ಅನ್ನುವ ಪದವಿದ್ದ ಪ್ರಶ್ನೆಗೆ ಅವನು ಇನ್ನೂ ಏನೂ ಬರೆದಿರಲಿಲ್ಲ. ಬರೆದುಕೊಳ್ಳುವಷ್ಟು ಕಳ್ಳನಾಗಿರಲಿಲ್ಲ ಪಾಪ. ಮೇಡಮ್ಮು ನನ್ನ ಪತ್ರಿಕೆಯನ್ನು ನನ್ನ ಮುಂದೆ ಇಟ್ಟರು.

‘ಬಾಯಿಗೆ ಸೆರಗು ಇಟ್ಕೊಂಡು ಬರೀರಿ,’ ಅಂದು ಹೋದರು.

ನಿಜವಾಗಿಯೂ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬರೆದೆ. ಸರ್, ಔರ್ ಟ್ಯಾಪ್ ಈಸ್ ಡ್ರೈ. ದಿ ಸನ್ ಈಸ್ ಹಾಟ್. ವಿ ಪುಟ್ ದಿ ಪಾಟ್ ಬೈ ದಿ ಟ್ಯಾಪ್. ವಿ ಸಿಟ್. ವಿ ಗೆಟ್ ಎ ಬಿಟ್. ನಲ್ಲಿ ಒಣಗಿದೆ, ಬಿಸಿಲು ಸುಡುತ್ತಿದೆ, ಮಡಕೆ ಇಟ್ಟು ಕೂರುತ್ತೇವೆ, ಚೂರೇ ಚೂರು ಸಿಗುತ್ತದೆ. ಕೊನೆಗೆ ಫಿಕ್ಸ್ ಇಟ್ ನೌ, ಸರ್ ಅಂತ ಬರೆದೆ. ಈಗಲೇ ಸರಿಮಾಡಿ. ಬೇಡಿಕೊಳ್ಳುವ ಪದ ನನಗೆ ಗೊತ್ತಿತ್ತು, ಬೆಗ್ ಅಂತ. ಅದನ್ನು ಹಾಕಲಿಲ್ಲ. ಸಹಿ ಹಾಕುವುದಕ್ಕೂ ಕೊನೆಯ ಬೆಲ್ ಹೊಡೆಯುವುದಕ್ಕೂ ಸರಿಹೋಯಿತು.

ಕೋಣೆಯಲ್ಲಿ ನಡೆದದ್ದನ್ನು ಊರಿನಲ್ಲಿ ಯಾರಿಗೂ ಹೇಳಲಿಲ್ಲ, ಗಂಡನಿಗೂ. ದೊಡ್ಡಮನೆ ಸೊಸೆಗಂತೂ ಹೇಳಲೇ ಇಲ್ಲ. ಅವಳು ಕಲಿಸಿದ ರೀತಿಯೇ ನನಗೆ ಮುಳುವಾಯಿತು ಅಂತ ಅವಳು ಕೊರಗುವುದು ನನಗೆ ಬೇಕಾಗಿರಲಿಲ್ಲ. ಕ್ಯಾಮೆರಾ ನೋಡಿ ಆಮೇಲೂ ಫಲಿತಾಂಶ ತಡೆಹಿಡಿಯುತ್ತಾರಂತೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಮಾತಾಡಿಕೊಳ್ಳುತ್ತಿದ್ದರು. ಒಂದು ತಿಂಗಳು ಅನ್ನ ರುಚಿಸಲಿಲ್ಲ. ಅಕಸ್ಮಾತ್ ಹೋದರೆ ಏನು ಮಾಡಲಿ ಅಂತ ಯೋಚಿಸಿ, ವಯಸ್ಸು ಮೀರಿದರೂ ಸರಿ, ಮತ್ತೆ ಕಟ್ಟುತ್ತೇನೆ ಅಂತ ನಿಶ್ಚಯ ಮಾಡಿಕೊಂಡೆ. ಕೆಲಸಕ್ಕಲ್ಲದಿದ್ದರೂ ಆ ಅಂಕಪಟ್ಟಿಯ ಕೊನೆಯ ಮಾತನ್ನು ಬದಲಾಯಿಸುವುದಕ್ಕೆ.

ಫಲಿತಾಂಶದ ದಿನ ನಾವು ಮತ್ತೆ ಅದೇ ಶೆಡ್ಡಿನಲ್ಲಿದ್ದೆವು. ಹೊಸ ವರ್ಷದ ಬಿತ್ತನೆ ಗೆಡ್ಡೆ ಬಂದಿತ್ತು. ಸೊಸೆಯೂ ಚಾಕು ಹಿಡಿದು ನಮ್ಮ ಸಾಲಿನಲ್ಲೇ ಕೂತಿದ್ದಳು. ಈಗ ಅವಳು ನನಗಿಂತ ಚುರುಕು. ಹನ್ನೊಂದು ಗಂಟೆಗೆ ಮೊಬೈಲ್ ತೆಗೆದು ನನ್ನ ನೋಂದಣಿ ಸಂಖ್ಯೆ ಒತ್ತಿದಳು. ಸಿಗ್ನಲ್ ಬರುತ್ತದೆ, ಹೋಗುತ್ತದೆ. ಶೆಡ್ಡಿನ ಬಾಗಿಲಿಗೆ ಹೋಗಿ ಕೈ ಎತ್ತಿ ನಿಂತಳು. ಆಮೇಲೆ ಏನೂ ಹೇಳದೆ ಬಂದು ಮೊಬೈಲನ್ನು ನನ್ನ ಕೈಗೇ ಕೊಟ್ಟಳು.

‘ನೀನೇ ಓದು,’ ಅಂದಳು.

ನನ್ನ ಹೆಸರು. ಅದರ ಕೆಳಗೆ ಇಂಗ್ಲಿಷ್, ನಲವತ್ತೊಂದು. ಅದರ ಕೆಳಗೆ ನಾಲ್ಕಕ್ಷರ. ಓದಿದೆ. ಇನ್ನೊಂದು ಸಲ ಓದಿದೆ. ‘ಪಾಸ್’ ಅಂತ ಕೂಗಿದ್ದು ನಾನೋ ಓರಗಿತ್ತಿಯೋ ಗೊತ್ತಿಲ್ಲ. ಏಳೂ ಜನ ಚಾಕು ಕೆಳಗಿಟ್ಟು ನನ್ನ ಮೇಲೆ ಬಿದ್ದರು. ಪರೀಕ್ಷೆಯ ಕೋಣೆಯಲ್ಲಿ ತಡೆದಿದ್ದ ಅಳುವೆಲ್ಲ ಆಗ ಬಂತು.

ಅರ್ಜಿ ಹಾಕಿದ್ದು, ಕಾದದ್ದು, ಕೆಲಸದ ಆದೇಶ ಕೈಗೆ ಬಂದದ್ದು, ನಮ್ಮ ಕೇರಿಯವಳು ಬೇಯಿಸಿದ ಅನ್ನ ಅಂತ ಮೊದಲ ವಾರ ಮಕ್ಕಳನ್ನು ಕಳಿಸದ ಎರಡು ಮನೆಯವರು ಆಮೇಲೆ ತಾವಾಗೇ ಕಳಿಸಿದ್ದು, ಎಲ್ಲ ಆಮೇಲಿನ ಮಾತು. ನಾನು ಹೇಳಬೇಕಾಗಿರುವುದು ಆ ಬೆಳಿಗ್ಗೆ ಶೆಡ್ಡಿನಲ್ಲಿ ಆದದ್ದು.

ಗದ್ದಲ ಕೇಳಿ ದೊಡ್ಡವ್ವ ಬಂದರು. ‘ಏನ್ರೇ ಅದು? ಕೈಯೆಲ್ಲ ನಿಂತೋಯ್ತಲ್ಲ?’

‘ಪಾಸಾದೆ ದೊಡ್ಡವ್ವ. ಇಂಗ್ಲಿಷಲ್ಲಿ.’

‘ನೀನಾ?’ ಅಂದರು. ನಿಜವಾಗಿಯೂ ಆಶ್ಚರ್ಯಪಟ್ಟರು. ‘ಯಾರೇ ಹೇಳ್ಕೊಟ್ರು ನಿಂಗೆ?’

ಹೇಳುವುದಿಲ್ಲ ಅಂತ ಸೊಸೆಗೆ ಮಾತು ಕೊಟ್ಟಿದ್ದೆವು. ಗೈಡು ಎತ್ತಿ ತೋರಿಸೋಣ ಅಂದರೆ ಆವತ್ತು ಅದು ಚೀಲದಲ್ಲಿರಲಿಲ್ಲ. ಹೊಳೆನರಸೀಪುರದಲ್ಲಿ ತಡೆಯಲಾರದೆ ಹೋದ ಬಾಯಿಯನ್ನು ಇಲ್ಲಿ ಬಿಗಿಯಾಗಿ ಮುಚ್ಚಿಕೊಂಡು ನೆಲ ನೋಡುತ್ತಾ ನಿಂತೆ.

‘ನಾನು, ಅತ್ತೆ,’ ಅಂದಳು ಸೊಸೆ. ಒಂದು ವರ್ಷದಿಂದ ಪದಗಳನ್ನು ಪಿಸುಗುಟ್ಟಿದ ಆ ದನಿ ಅಷ್ಟು ಗಟ್ಟಿ ಇದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ‘ನಾನೇ ಹೇಳ್ಕೊಟ್ಟಿದ್ದು. ದಿನಾ.’

ದೊಡ್ಡವ್ವ ಸೊಸೆಯ ಮುಖ ನೋಡಿದರು. ಅವಳ ಕೈಯಲ್ಲಿದ್ದ ಚಾಕು ನೋಡಿದರು. ಅವಳ ಮುಂದೆ ರಾಶಿ ಬಿದ್ದಿದ್ದ ತುಂಡುಗಳನ್ನು ನೋಡಿದರು. ಬುದ್ಧಿವಂತ ಹೆಂಗಸು ಅವರು, ಹೊಳೆದಿರಬೇಕು.

‘ಮತ್ತೆ ನಿಂಗೆ ಇದನ್ನ ಯಾರ್ ಹೇಳ್ಕೊಟ್ರು?’

ಅವಳು ನನ್ನ ಕಡೆ ಕೈ ಮಾಡಿದಳು.

‘ಈ ಅಕ್ಕ.’

ಆ ಮನೆಯ ಹೆಣ್ಣೊಬ್ಬಳು ನಮ್ಮ ಕೇರಿಯವಳನ್ನು ಅಕ್ಕ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ದೊಡ್ಡವ್ವನೂ ಬಹುಶಃ ಅದೇ ಮೊದಲು ಕೇಳಿದ್ದು. ಆಮೇಲೆ ಒಂದು ಖಾಲಿ ಚೀಲ ಎಳೆದುಕೊಂಡು, ಸೀರೆ ಒತ್ತರಿಸಿ, ನಮ್ಮ ಸಾಲಿನ ಕೊನೆಯಲ್ಲಿ ಕೂತು, ‘ನಂಗೂ ಒಂದ್ ಚಾಕು ಕೊಡ್ರೇ’ ಅಂದರು.